ಏಳನೇ ದಿನದ ಜೋಡಿ

ಸಿದ್ದಲಿಂಗೇಶ ಅವರಿಗೆ,
ಸೇಡಂನಿಂದ ಬಸವೇಶ್ವರಿ ಬರೆಯುತ್ತಿರುವುದು.

ಹೋದ ಭಾನುವಾರ ನಮ್ಮ ಮದುವೆ ಮಾತಾಡಲು ನೀವಿಬ್ಬರೂ ನಮ್ಮ ಮನೆಗೆ ಬಂದಾಗ ನಿಮ್ಮ ಅಕ್ಕ ಭಾಗಮ್ಮನವರು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ನಲವತ್ತೊಂದ ಆತಲ್ಲವ್ವಾ ನಿನಗ. ನಮ್ಮ ತಮ್ಮಗ ಒಂದ್ ಕೂಸರ ಬೇಕಲ್ಲ? ಕಲಬುರಗಿ ದವಾಖಾನ್ಯಾಗ ತೋರಿಸಿ, ಕೂಸ ಆಗ್ತಾವಂತ ಒಂದ್ ಚೀಟಿ ಬರಸ್ಕೊಂಡ್ ಬಾ." ನೀವು ಬಸಿಯಲ್ಲಿ ಆರುತ್ತಿದ್ದ ಚಹಾ ನೋಡುತ್ತ ಕುಳಿತಿರಿ. ಆ ಮೌನಕ್ಕೇ ಈ ಪತ್ರ.

ನನ್ನ ಕೆಲಸ ಏನೆಂದು ನಿಮಗೆ ಸರಿಯಾಗಿ ಹೇಳಿಲ್ಲ. ಬೆಳೆಯ ಕೀಟಗಳನ್ನು ಪರೀಕ್ಷಿಸುವ ಪ್ರಯೋಗಾಲಯ ನಮ್ಮದು; ತೊಗರಿ ಕಾಯಿ ಕೊರೆಯುವ ಹುಳು ಪತಂಗವಾದ ಮೇಲೆ ಅದನ್ನು ಡಬ್ಬಿಯಲ್ಲಿ ಸಾಕುತ್ತೇವೆ. ಕೆಲವಕ್ಕೆ ಎರಡನೇ ದಿನ ಜೋಡಿ ಕೊಡುತ್ತೇವೆ, ಕೆಲವಕ್ಕೆ ಏಳನೇ ದಿನ. ಬೆಳಿಗ್ಗೆ, ಡಬ್ಬಿಗೆ ಹೊದಿಸಿದ ಬಟ್ಟೆಗೆ ಅಂಟಿದ ಮೊಟ್ಟೆಗಳನ್ನು ಎಣಿಸುವವಳು ನಾನು. ತಡವಾಗಿ ಕೂಡಿದ ಹೆಣ್ಣು ಕಡಿಮೆ ಮೊಟ್ಟೆ ಇಡುತ್ತದೆ. ಇಟ್ಟವುಗಳಲ್ಲೂ ಬಹಳಷ್ಟು ಒಡೆಯುವುದಿಲ್ಲ. ಆದರೆ ಅದು ಹೆಚ್ಚು ದಿನ ಬದುಕುತ್ತದೆ. ಗಂಡಿಗೆ ವಯಸ್ಸಾಗಿದ್ದರೂ ಮೊಟ್ಟೆ ಒಡೆಯುವುದು ಕಡಿಮೆಯೇ. ನಿಮಗೆ ನಲವತ್ತಾರು. ನಿಮ್ಮ ಚೀಟಿಯನ್ನು ಯಾರೂ ಕೇಳಲಿಲ್ಲ.

ಕಳೆದ ತಿಂಗಳು ಒಂದು ತಪ್ಪು ಮಾಡಿದೆ. ಪತಂಗ ಇನ್ನೂ ಕೋಶದಲ್ಲಿರುವಾಗಲೇ ಬಾಲದ ಗುರುತು ನೋಡಿ ಹೆಣ್ಣು, ಗಂಡು ಬೇರ್ಪಡಿಸಬೇಕು. ಒಂದರಲ್ಲಿ ನನ್ನ ಕಣ್ಣು ತಪ್ಪಿತು. ಆ ಡಬ್ಬಿಯ ಮೊಟ್ಟೆಗಳೆಲ್ಲ ಸುಕ್ಕಾಗಿ ಬತ್ತಿದವು. ಜೊತೆಗೆ ಕೆಲಸ ಮಾಡುವ ಚಾಂದಬೀ, ಅವಳೂ ಒಂಟಿ, ಭೂತಗನ್ನಡಿ ಹಿಡಿದು ನೋಡಿ ನಕ್ಕಳು: "ಅಕ್ಕಾ, ಎರಡೂ ಹೆಣ್ಣೇ ಅವ! ಹತ್ತ್ ದಿನದಿಂದ ಒಂದರ ಮಾರಿ ಒಂದು ನೋಡ್ಕೋತ ಕುಂತಾವ, ನಮ್ಮಿಬ್ಬರಂಗ." ನಾನೂ ನಕ್ಕೆ. ಡಬ್ಬಿಯನ್ನು ಪ್ರಯೋಗದಿಂದ ತೆಗೆದೆ, ಬಿಸಾಡಲು ಮನಸ್ಸಾಗಲಿಲ್ಲ. ಅವು ಉಳಿದೆಲ್ಲವಕ್ಕಿಂತ ಹೆಚ್ಚು ದಿನ ಬದುಕಿದವು. ಜೇನುನೀರಿನ ಹತ್ತಿ ಬದಲಿಸುವಾಗಲೆಲ್ಲ, ಇಷ್ಟೊಂದು ದಿನ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಅವನ್ನು ಕೇಳಬೇಕೆನಿಸುತ್ತಿತ್ತು.

ಪತಂಗ ನೋಡಿ ಮನುಷ್ಯರ ಬಾಳು ಅಳೆಯಬಾರದು, ಗೊತ್ತು. ನನಗೆ ಮಗುವಾಗಬಹುದು, ಆಗದೆಯೂ ಇರಬಹುದು. ಚೀಟಿ ಮಾತ್ರ ತರುವುದಿಲ್ಲ. ನಾನು ಈ ಮದುವೆಗೆ ಒಪ್ಪಿದ್ದು, ಸಂಜೆ ಕದ ತೆರೆದಾಗ ಒಳಗಿನಿಂದ "ಬಂದ್ಯಾ?" ಎನ್ನುವವರೊಬ್ಬರು ಇರಲಿ ಎಂದು. ನಿಮಗೂ ಅಷ್ಟು ಸಾಕೆನಿಸಿದರೆ, ಶನಿವಾರ ಮಧ್ಯಾಹ್ನ ನಿಮ್ಮೂರು ವಾಡಿಯಿಂದ ಒಬ್ಬರೇ ಬನ್ನಿ. ಬಂದು, ಬಾಯಿಬಿಟ್ಟು ಹೇಳಿ. ಸಾಲದೆನಿಸಿದರೆ ಬರಬೇಡಿ. ನಾನು ಕಾಯುವುದಿಲ್ಲ ಎಂದು ಸುಳ್ಳು ಬರೆಯಲಾರೆ.

ನಾನಿರಲಿ, ಇಲ್ಲದಿರಲಿ, ನಿಮ್ಮ ಅಂಗಳದಲ್ಲಿ ಒಂದು ಕೂಸು ಆಡಲಿ.

ಬಸವೇಶ್ವರಿ