ಸಣ್ಣ ಮಾಡದ ಆವಾಜು

ಬನಹಟ್ಟಿ
೧೮-೬-೧೯೯೪, ಶನಿವಾರ

ಪ್ರೀತಿಯ ತಂಗೆವ್ವಕ್ಕನಿಗೆ,

ನಿನ್ನ ತಮ್ಮ ಅಂದಾನೆಪ್ಪ ಕಾಲಿಗೆ ಬಿದ್ದು ಬರೆಯುವ ಕಾಗದ. ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಿಯ ಹಾಗೆ ಸೀಸೆ ಗೋಡೆಯ ಗೂಡಿನಲ್ಲಿಟ್ಟು ಮರೆತಿದ್ದೀಯೋ? ಮುಧೋಳದ ನೀರು ನಮ್ಮ ಹುಡುಗಿ ಶೇವಂತಿಗೆ ಒಗ್ಗಿತೇ? ಅವಳ ಕೆಮ್ಮು ನಿಂತಿತೇ? ನಿನ್ನ ಅತ್ತೆಯವರಿಗೆ ನಮಸ್ಕಾರ ಹೇಳು. ನನ್ನ ಹೆಸರು ಕೇಳಿ ಅವರು ಮುಖ ತಿರುಗಿಸಿದರೆ ಮತ್ತೆ ಹೇಳಲು ಹೋಗಬೇಡ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣಿಸುತ್ತಿರಬೇಕು. "ಒಂದು ಕಾಗದ ನೆಟ್ಟಗ ಬರಿಯಾಕ ಬರೂದಿಲ್ಲ ಇವಗ" ಎಂದು ಬೈದರೆ ಬೈ. ನಿನ್ನ ಬೈಗಳು ಕೇಳದೆ ಹದಿನಾರು ದಿನ ಆಯಿತು. ಊರಿನಲ್ಲಿ ಒಬ್ಬರೂ ನನ್ನನ್ನು ಬೈಯುತ್ತಿಲ್ಲ ಅಕ್ಕಾ, ಅದೇ ದೊಡ್ಡ ಸಂಕಟ. ಕರೆದು ಚಹಾ ಕುಡಿಸುತ್ತಾರೆ. "ಭಾಳ ಛಲೋ ಮಾಡಿದ್ರಿ ಅಂದಾನೆಪ್ಪಾರ, ಖರೆ ಹೊರಗ ತಂದ್ರಿ" ಎನ್ನುತ್ತಾರೆ. ಲೋಟ ಅರ್ಧಕ್ಕೇ ಇಟ್ಟು ಎದ್ದು ಬರುತ್ತೇನೆ.

ನಿನಗೆ ಗೊತ್ತಿದ್ದದ್ದನ್ನೇ ಮೊದಲಿನಿಂದ ಬರೆಯುತ್ತೇನೆ, ಸಹಿಸಿಕೋ. ನಡುವೆ ನಾನು ಹೇಳಿದ ಒಂದು ಸುಳ್ಳು ಕೂತಿದೆ. ಮೇ ತಿಂಗಳಲ್ಲಿ ಆ ಮನುಷ್ಯ (ಹೆಸರು ಬರೆಯುವುದಿಲ್ಲ, ಅದು ಸಾಕಷ್ಟು ಜನರ ಬಾಯಲ್ಲಿದೆ) ತನ್ನನ್ನು ಕೆಲಸದಿಂದ ತೆಗೆದ ಸಿಟ್ಟಿಗೆ ಮಗ್ಗದ ಶೆಡ್ಡಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟ. ಐದು ಜನ ಸುಟ್ಟು ಹೋದರು. ಅವರಲ್ಲಿ ಒಬ್ಬ ನಿನ್ನ ಗಂಡ, ನಮ್ಮ ಶಂಕರೆಪ್ಪ ಮಾಮಾ. ಮೂರನೆಯ ದಿನ ಕಬ್ಬಿನ ಹೊಲದಲ್ಲಿ ಬೆಂಕಿ ಇಟ್ಟವನ ಹೆಣವೂ ಸಿಕ್ಕಿತು. ನಾಲ್ಕನೆಯ ದಿನ ನನ್ನ ಕೇಬಲ್ ಟೀವಿ ಅಂಗಡಿಗೆ ಅಂಚೆಯಲ್ಲಿ ಒಂದು ಕ್ಯಾಸೆಟ್ಟು ಬಂತು. ಸಾಯುವ ಮೊದಲು ಭಜನೆಯ ಕ್ಯಾಸೆಟ್ಟಿನ ಮೇಲೆಯೇ ತನ್ನ ಮಾತು ತುಂಬಿ ಕಳಿಸಿದ್ದ. ಅವನ ಮಾತು ಮುಗಿದ ಕೂಡಲೇ ತಾಳ, ದಮಡಿ ಕೇಳುತ್ತಿದ್ದವು. ಜೊತೆಗೆ ಒಂದು ಚೀಟಿ: "ಅಂದಾನೆಪ್ಪ, ಇದನ್ನ ಟೀವ್ಯಾಗ ಹಚ್ಚು, ಮಂದಿ ಕೇಳ್ಲಿ." ಇಡೀ ಊರಿನಲ್ಲಿ ಅವನು ಆರಿಸಿಕೊಂಡದ್ದು ನನ್ನನ್ನು. ನಾನು ಎಂಥವನೆಂದು ನನಗಿಂತ ಮೊದಲು ಅವನಿಗೆ ತಿಳಿದಿತ್ತು. ಕ್ಯಾಸೆಟ್ಟು ಪೊಲೀಸರಿಗೆ ಕೊಟ್ಟೆ, ಖರೆ. ಕೊಡುವ ಮೊದಲು ಒಂದು ಕಾಪಿ ಮಾಡಿಕೊಂಡೆ.

"ಹಚ್ಚಬ್ಯಾಡೋ ತಮ್ಮಾ" ಎಂದೆ ನೀನು. ನಾನು ಭಾಷಣ ಬಿಗಿದೆ. ಜನರಿಗೆ ತಿಳಿಯಬೇಕು, ಮುಚ್ಚಿಡುವುದು ತಪ್ಪು, ಪೇಪರಿನವರು ಹೀಗೇ ಮಾಡುತ್ತಾರೆ, ಏನೇನೋ. ಟೇಪಿನಲ್ಲಿ ಮಾಮಾನ ಹೆಸರು ಇದೆ ಎಂದು ತಿಳಿದು ಕಡೆಗೆ ನೀನು ಕೇಳಿಕೊಂಡದ್ದು ಇಷ್ಟೇ: "ಹಚ್ಚಾಂವ ಇದ್ರ ಹಚ್ಚು. ಅವ್ರ ಹೆಸರು ಬರೂ ಮುಂದ ಆವಾಜ ಸಣ್ಣ ಮಾಡು." ಅವ್ವನ ಆಣೆ ಮಾಡಿ ಹೂಂ ಎಂದೆ. ಆ ಜಾಗದಲ್ಲಿ ಅವನು ಏನು ಹೇಳಿದ್ದ ಎಂದು ಒಮ್ಮೆ ಬರೆಯುತ್ತೇನೆ, ಮತ್ತೆ ಎಂದೂ ಬರೆಯುವುದಿಲ್ಲ. ಮಾಮಾ ಕಿಟಕಿಯ ಸರಳು ಹಿಡಿದು, ನನ್ನೊಬ್ಬನನ್ನು ಬಿಡು, ಉಳಿದವರು ಸುಟ್ಟುಕೊಳ್ಳಲಿ ಎಂದು ಅತ್ತನಂತೆ.

ಆ ಭಾನುವಾರ ಮದುವೆ ಶೂಟಿಂಗಿನ ಕ್ಯಾಮೆರಾ ಆ ಬೆಂಕಿ ಇಟ್ಟವನ ಫೋಟೋ ಮುಂದೆ ನಿಲ್ಲಿಸಿ ಟೇಪು ಹಚ್ಚಿದೆ. ಮುಕ್ಕಾಲು ಗಂಟೆ ಮನೆಮನೆಯ ಟೀವಿಯಲ್ಲಿ ಅವನ ಮುಖವೊಂದೇ. ಸತ್ತ ಐವರಲ್ಲಿ ಒಬ್ಬರ ಫೋಟೋವನ್ನೂ ನಾನು ಹುಡುಕಿರಲಿಲ್ಲ, ಬೇಕೆಂದು ತಲೆಗೇ ಬಂದಿರಲಿಲ್ಲ. ಮೊದಲೇ ಮೂರು ಸಲ ಕೇಳಿ, ಟೇಪ್ ರೆಕಾರ್ಡರಿನಲ್ಲಿ ತಿರುಗುವ ನಂಬರು ಇನ್ನೂರಾ ಹದಿನಾಲ್ಕಕ್ಕೆ ಬಂದಾಗ ಆವಾಜು ಇಳಿಸಬೇಕೆಂದು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಿದ್ದೆ. ಇಳಿಸಲಿಲ್ಲ. ನೀನು ಎದೆ ಬಡಿದುಕೊಂಡು ಬಂದಾಗ "ಮರತೆ ಅಕ್ಕಾ, ಗದ್ದಲದಾಗ ಮರತೆ" ಎಂದೆನಲ್ಲ, ಅದೇ ಸುಳ್ಳು. ಗದ್ದಲ ಎಲ್ಲಿತ್ತು? ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಹುಟ್ಟಿದಂದಿನಿಂದ ಬನಹಟ್ಟಿಯಲ್ಲಿ ಅಂಥ ಮೌನ ನಾನು ಕೇಳಿರಲಿಲ್ಲ. ಇಷ್ಟು ಜನ ನನ್ನ ತಂತಿಯ ತುದಿಯಲ್ಲಿ ಉಸಿರು ಹಿಡಿದು ಕೂತಿದ್ದಾರೆ ಎನ್ನಿಸಿತು. ನಂಬರು ಬಂತು, ಕೈ ಟೇಪಿನ ಮೇಲೇ ಇತ್ತು. ಆ ಮೌನ ಕೆಡಿಸಲು ಮನಸ್ಸಾಗಲಿಲ್ಲ. ಅಷ್ಟೇ ಅಕ್ಕಾ. ಬೇರೆ ಕಾರಣ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲಿನದು ನಿನಗೆ ಗೊತ್ತು. "ಮಾಡಿದ್ದು ತಪ್ಪ, ಆದ್ರ ಅವನ ಮಾತಿನ್ಯಾಗೂ ಏನೋ ಐತಿ" ಎನ್ನುವವರು ಹುಟ್ಟಿಕೊಂಡರು. ಐದು ಜನರನ್ನು ಕೊಂದವನ ಮಾತಿಗೆ ಸಾಕ್ಷಿ ಬೇಡವಾಯಿತು, ಟೀವಿಯಲ್ಲಿ ಬಂತಲ್ಲ! ಓಣಿಯ ಮಕ್ಕಳು ಅವನ ಮಾತನ್ನು ಪಾಠದಂತೆ ಬಾಯಿಪಾಠ ಮಾಡಿದವು. ಶಾಲೆ ಸುರುವಾದ ದಿನ ಶೇವಂತಿ ಪಾಟೀಚೀಲ ಇಳಿಸದೆ ನನ್ನೆದುರು ನಿಂತು "ಅಪ್ಪಾ ಹಂಗ ಅಂದನೇನು ಮಾಮಾ?" ಎಂದಳು. ಒಂಬತ್ತು ವರ್ಷದ ಹುಡುಗಿ. ನಾನು ಇಲ್ಲ ಎಂದೆ. "ಮತ್ತ ನೀ ಯಾಕ ಹಚ್ಚಿದಿ?" ಎಂದಳು. ಮರುದಿನ ನೀನು ಟ್ರಂಕು ಹಿಡಿದು ಮುಧೋಳದ ಬಸ್ಸು ಹತ್ತಿದೆ. "ಇನ್ನ ನಿನ್ನ ಮಾರಿ ತೋರಸಬ್ಯಾಡ" ಎಂದೆ ನೀನು. ನ್ಯಾಯವಾಗಿಯೇ ಅಂದೆ.

ನೀನು ಹೋದ ಮೇಲೆ ಹುಲೆಪ್ಪನ ಕೈಕಾಲು ಹಿಡಿದು ಅಂಗಡಿಗೆ ಕರೆತಂದೆ. ಆ ಬೆಂಕಿಯಿಂದ ಬದುಕಿ ಬಂದವನು ಅವನೊಬ್ಬನೇ. ಎರಡೂ ಕೈಗೆ ಪಟ್ಟಿ ಕಟ್ಟಿಕೊಂಡೇ ಕ್ಯಾಮೆರಾ ಎದುರು ಕೂತು ಮನೆಮನೆಯ ಟೀವಿಯಲ್ಲಿ ಹೇಳಿದ. ಹಿಂದಿನ ಕಿಟಕಿಯ ಸರಳು ಬಗ್ಗಿಸಿ ತನ್ನನ್ನು ಹೊರಗೆ ನೂಕಿದವನು ಶಂಕರೆಪ್ಪನೇ, ಕಂಡಿಕಿಗೆ ನೂಲು ಸುತ್ತುವ ಲಗಮವ್ವ ಒಳಗೇ ಉಳಿದಳೆಂದು ತಿರುಗಿ ಹೋದವನು ಬರಲಿಲ್ಲ ಎಂದ. ಹೇಳುತ್ತಾ ತಡವರಿಸಿದ, ಅತ್ತ. ಅವನ ಮಾತಿಗೆ ಓಣಿಯ ಒಂದು ಮಗ್ಗವೂ ನಿಲ್ಲಲಿಲ್ಲ ಅಕ್ಕಾ. ಹತ್ತು ನಿಮಿಷ ಆಗಿರಲಿಲ್ಲ, ಓಣಿಯವರು ಅಂಗಡಿಯ ಬಾಗಿಲು ಬಡಿದು "ಪಿಚ್ಚರ್ ಹಚ್ರಿ ಸಾಕು" ಎಂದರು. ಮರುದಿನ ಚಹಾದಂಗಡಿಯಲ್ಲಿ ಹುಲೆಪ್ಪನ ಮಾತು ಒಬ್ಬರೂ ಎತ್ತಲಿಲ್ಲ. "ಆ ಕ್ಯಾಸೆಟ್ ಇನ್ನೊಮ್ಮೆ ಯಾವಾಗ?" ಎಂದು ಕೇಳಿದರು. ಮನೆಗೆ ಬಂದು ಆ ಕ್ಯಾಸೆಟ್ಟಿನ ಟೇಪು ಎಳೆದೆಳೆದು ಒಲೆಗೆ ಹಾಕಿದೆ. ಸುಟ್ಟ ನಾತಕ್ಕೆ ನನಗೆ ಶೆಡ್ಡು ನೆನಪಾಗಿ ಹೊರಗೆ ಓಡಿದೆ. ಸುಟ್ಟಿದ್ದರಿಂದ ಏನೂ ಕಡಿಮೆಯಾಗಲಿಲ್ಲ. ಮಾಮಾ ಒಮ್ಮೆ ಬೆಂಕಿಯಲ್ಲಿ ಹೋದ, ಎರಡನೆಯ ಸಲ ನನ್ನ ಕೈಯಲ್ಲಿ ಹೋದ.

ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಮುಖ ಇಲ್ಲ. ನಿನ್ನ ಮೊಣಕಾಲು ನೆಟ್ಟಗಾಗಲಿ. ಶೇವಂತಿ ಚೆನ್ನಾಗಿ ಓದಲಿ, ಅವಳಿಗೆ ದೇವರು ಒಳ್ಳೆಯದು ಮಾಡಲಿ. ಬೈಯಲಿಕ್ಕಾದರೂ ಒಂದು ಕಾರ್ಡು ಹಾಕು.

ನಿನ್ನ ತಮ್ಮ,
ಅಂದಾನೆಪ್ಪ

ತಾ.ಕ.: ಅಕ್ಕಾ, ಕಾಗದ ಹಿಡಿದದ್ದೇ ಇದಕ್ಕೆ, ಮೂರು ಹಾಳೆ ತುಂಬಿದರೂ ಕೈ ಬರಲಿಲ್ಲ. ನಾನು ಹಚ್ಚಿದ ಮರುದಿನ, ಊರೆಲ್ಲ ಬೆನ್ನು ಚಪ್ಪರಿಸುವಾಗ, ಮುಧೋಳದ ಕೇಬಲಿನವನೊಬ್ಬ ಬಂದು ಕೇಳಿದ. ಸೊಕ್ಕಿನಲ್ಲಿ ಒಂದು ಕಾಪಿ ಮಾಡಿ ಕೊಟ್ಟೆ. ಪೂರ್ತಿ ಕಾಪಿ. ನಾಳೆ ಸಂಜೆ ಆರಕ್ಕೆ ಅವನು ಅದನ್ನು ಹಚ್ಚುತ್ತಾನೆ. ಹಚ್ಚಬೇಡ ಎಂದು ನಿನ್ನೆ ಮುಧೋಳಕ್ಕೆ ಬಂದು ಅವನಿಗೆ ಕೈ ಮುಗಿದೆ. "ನೀವು ಹಚ್ಚಿದ್ರ ಖರೆ ಹೊರಗ ಬರತೈತಿ, ನಾ ಹಚ್ಚಿದ್ರ ಪಾಪ ಏನ್ರಿ?" ಎಂದ. ನಿಮ್ಮ ಓಣಿಯ ತುಂಬ ಅವನದೇ ತಂತಿ. ನಿಮ್ಮ ಮನೆಯ ತನಕವೂ ಬಂದಿದ್ದೆ. ಶೇವಂತಿ ಕಟ್ಟೆಯ ಮೇಲೆ ಹೊಸ ಗೆಳತಿಯ ಜೊತೆ ಹರಳು ಆಡುತ್ತಾ ನಗುತ್ತಿದ್ದಳು. ಕರೆಯಲಾಗದೆ ತಿರುಗಿ ಬಂದೆ. ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಕಂಡಕ್ಟರ್ ಮಹಾಲಿಂಗಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ, ಬಸ್ಸು ಹೊರಟಿದೆ. ನಾಳೆ ಮಧ್ಯಾಹ್ನವೇ ಅವಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗು. ಸೋಮವಾರ ಶಾಲೆಗೆ ಕಳಿಸಬೇಡ. ಮಂಗಳವಾರ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.