ತಾಳದ ತಂತಿಯ ಚಕ್ರ

ಅರಕಲಗೂಡು
೨೬ ಸೆಪ್ಟೆಂಬರ್ ೨೦೦೪, ಭಾನುವಾರ

ಶ್ರೀಯುತ ಯೋಗಾನರಸಿಂಹ ಅವರಿಗೆ,

ಶ್ರೀಗೌರಿ ಮಾಡುವ ನಮಸ್ಕಾರಗಳು. ಕಟ್ಟಿಕೊಂಡ ಗಂಡನಿಗೆ ಬ್ಯಾಂಕಿನ ಮ್ಯಾನೇಜರಿಗೆ ಅರ್ಜಿ ಹಾಕಿದ ಹಾಗೆ ಬರೆಯುತ್ತಾಳಲ್ಲ ಇವಳು ಅಂತ ನಗಬೇಡಿ. ಹಿಂದೆ ಏನಂತ ಬರೆಯುತ್ತಿದ್ದೆನೋ ಅದನ್ನೇ ಮೊದಲು ಬರೆದೆ, ಆಮೇಲೆ ಹೊಡೆದುಹಾಕಿದೆ. ಹೊಸ ಹಾಳೆ ತಗೊಂಡು ಹೀಗೆ ಶುರುಮಾಡಿದ್ದೇನೆ.

ನಿಮ್ಮ ಬ್ಯಾಂಕಿನ ಷಡಕ್ಷರಿಯವರು ಇಲ್ಲಿ ತಮ್ಮ ಮಾವನ ಮನೆಗೆ ಬಂದಿದ್ದಾರೆ, ಸಂಜೆ ಬಸ್ಸಿಗೆ ಹೊಳೆನರಸೀಪುರಕ್ಕೆ ವಾಪಸ್ಸು ಹೊರಡುತ್ತಾರೆ. ಅವರ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ, ಜೊತೆಗೆ ಒಂದು ಡಬ್ಬಿ. ಡಬ್ಬಿಯನ್ನು ಕಾಗದ ಓದಿ ಮುಗಿಸಿದ ಮೇಲೆ ತೆಗೆಯಿರಿ. ನಿಮಗೆ ಆತುರ ಜಾಸ್ತಿ ಅಂತ ಗೊತ್ತು, ಇದೊಂದು ಮಾತಾದರೂ ನಡೆಸಿಕೊಡಿ.

ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ತಡವಾದದ್ದಕ್ಕೆ ಕ್ಷಮೆ ಗಿಮೆ ಕೇಳುವುದಿಲ್ಲ. ನೀವೇನು ಬೇಗ ಬರೆದಿರಾ? ಆರು ವರ್ಷ ಆದಮೇಲೆ ನೆನಪಾಯಿತು. ಅದರಲ್ಲೂ ಪುಟದ ತುಂಬ ಕಾರಿನ ವಿಷಯವೇ. ಬೆಂಗಳೂರಿನ ಯಾರೋ ಹಳೇ ಕಾರುಗಳ ಶೋಕಿಯವರು ನೀವು ಕೈಯಾರೆ ಮಾಡಿದ ಪುಟ್ಟ ಮಾಸೆರಾಟಿ ರೇಸ್ ಕಾರಿನ ಫೋಟೋ ನೋಡಿ ಮೆಚ್ಚಿಕೊಂಡರಂತೆ. ದೀಪಾವಳಿ ಕಳೆದ ಮೇಲೆ ನಡೆಯುವ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಎಲ್ಲರ ಎದುರಿಗೆ ಇಡುತ್ತಾರಂತೆ. ತುಕ್ಕು ಹಿಡಿದ ಚಕ್ರಗಳನ್ನು ಮಾತ್ರ ಬದಲಾಯಿಸಬೇಕಂತೆ. ನೀವು ಮಾಡಿ ನೋಡಿದಿರಂತೆ, ಕಡ್ಡಿಗಳು ಜೋತುಬೀಳುತ್ತವಂತೆ. ಹಾಸನದ ಅಕ್ಕಸಾಲಿಗರೊಬ್ಬರು ನಮ್ಮ ಕೈಲಾಗಲ್ಲ ಸ್ವಾಮಿ ಅಂದುಬಿಟ್ಟರಂತೆ. ಹಿಂದಿನ ಪುಟದ ತುದಿಯಲ್ಲಿ ಜಾಗ ಉಳಿದಿತ್ತೇನೋ, ನೀನೂ ಬಂದುಬಿಡು, ಅಮ್ಮನಿಗೂ ವಯಸ್ಸಾಯಿತು ಅಂತ ಒಂದು ಸಾಲು. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಚಕ್ರಕ್ಕೆ ಒಂದೂವರೆ ಪುಟ, ಹೆಂಡತಿಗೆ ಒಂದು ಸಾಲು.

ನೇರವಾಗಿ ಹೇಳಿಬಿಡುತ್ತೇನೆ. ನಾನು ಬರುವುದಿಲ್ಲ. ಇಲ್ಲಿ ಸ್ಕೂಲಿನಲ್ಲಿ ಕ್ರಾಫ್ಟ್ ಕ್ಲಾಸು ತಗೊಳ್ಳುತ್ತೇನೆ, ಸಂಜೆ ಮಕ್ಕಳಿಗೆ ವೀಣೆ ಹೇಳಿಕೊಡುತ್ತೇನೆ, ಅಣ್ಣನ ಮನೆಯ ಹಿಂದಿನ ಕೋಣೆ ನನ್ನದು. ಇನ್ನು ಚಕ್ರದ ವಿಷಯ. ನನ್ನ ಕಣ್ಣು ಮೊದಲಿನ ಹಾಗಿಲ್ಲ, ಕನ್ನಡಕ ಬಂದಿದೆ. ಕೈಗೂ ಮರೆತುಹೋಗಿದೆ ಅಂತಿಟ್ಟುಕೊಳ್ಳಿ.

ನಿಮ್ಮ ಕೆಲಸ ಕಡಿಮೆಯದು ಅಂತ ನಾನು ಯಾವತ್ತೂ ಅಂದವಳಲ್ಲ, ಈಗಲೂ ಅನ್ನುವುದಿಲ್ಲ. ಹಾಸನದಿಂದ ಗಡಿಯಾರದವರ ಪುಟ್ಟ ಲೇತನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿರಿ. ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕಿದ ಹಳೇ ಇಂಗ್ಲಿಷ್ ಪತ್ರಿಕೆಯ ಚಿತ್ರ ನೋಡಿ, ಗ್ರಾಫ್ ಕಾಗದದ ಮೇಲೆ ಹನ್ನೆರಡರಲ್ಲಿ ಒಂದು ಅಳತೆಗೆ ಇಳಿಸಿದಿರಿ. ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯಿಂದ ಅಲ್ಯೂಮಿನಿಯಂ ತಗಡು ತಂದು, ಹಲಸಿನ ಮರದ ಅಚ್ಚಿನ ಮೇಲೆ ಬಡಿದು ಬಡಿದು ಆ ಉದ್ದ ಮೂತಿ ತೆಗೆದಿರಿ. ತಾಮ್ರದ ಕೊಳವೆಯೊಳಗೆ ಮರಳು ತುಂಬಿ, ಒಂದು ಸುಕ್ಕೂ ಬೀಳದ ಹಾಗೆ ಹೊಗೆಕೊಳವೆ ಬಗ್ಗಿಸಿದಿರಿ. ಪೆಟ್ರೋಲ್ ಮುಚ್ಚಳ ನಿಜವಾಗಿ ತೆರೆದುಕೊಳ್ಳುತ್ತಿತ್ತು. ಅದನ್ನು ನನಗೆ ತೋರಿಸಿದ ದಿನ ನಿಮ್ಮ ಮುಖ ನೋಡಬೇಕಿತ್ತು ನೀವು. ಅತ್ತೆಯವರು ಮಾತ್ರ, ಇಬ್ಬರಿಗೂ ಮಕ್ಕಳಾಟ ಹಿಡಿದಿದೆ, ಮಕ್ಕಳೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ದೇವರಮನೆಗೆ ಕೇಳುವ ಹಾಗೆ ಅನ್ನುತ್ತಿದ್ದರು.

ಚಕ್ರಕ್ಕೆ ಬಂದು ನಿಂತುಹೋದಿರಿ. ಫ್ಯೂಸ್ ತಂತಿ ಹಾಕಿದಿರಿ, ಬಾಗಿತು. ಸೈಕಲ್ ಬ್ರೇಕಿನ ಎಳೆ ಬಿಚ್ಚಿ ಹಾಕಿದಿರಿ, ದಪ್ಪವಾಯಿತು. ಊಟ ಬಿಟ್ಟಿರಿ, ಸಿಡುಕು ಹಿಡಿಯಿತು. ಆಗ ನನ್ನ ವೀಣೆಯ ತಾಳದ ತಂತಿ ತೆಗೆದುಕೊಟ್ಟವಳು ನಾನು. ಕೂದಲೆಳೆಯಷ್ಟು ಸಣ್ಣ, ಆದರೆ ಉಕ್ಕು. ನೀವು ನಡುವಿನ ಗುಂಬವನ್ನೂ ಸುತ್ತಿನ ಬಳೆಯನ್ನೂ ಲೇತಿನಲ್ಲಿ ಕಡೆದುಕೊಟ್ಟಿರಿ. ಹೆಣೆದವಳು ನಾನು. ಒಂದು ಕಡ್ಡಿ ಬಿಗಿಯಾದರೆ ಎದುರಿನದು ಸಡಿಲ. ವೀಣೆಗೆ ಶ್ರುತಿ ಮಾಡುವ ಹಾಗೆ ಉಗುರಿನಿಂದ ಮೀಟಿ ನೋಡಿ ಎಳೆಯುತ್ತಿದ್ದೆ. ಎದುರಿಗೆ ನೀವು ಅರ ಹಿಡಿದು ಕೂತಿರುತ್ತಿದ್ದಿರಿ, ರೇಡಿಯೋ ಹಾಡುತ್ತಿತ್ತು. ಅಷ್ಟು ಸುಖವಾಗಿ ನಾನು ಇನ್ಯಾವತ್ತೂ ಇರಲಿಲ್ಲ. ಅದನ್ನು ಬಚ್ಚಿಟ್ಟು ಆಗಬೇಕಾದದ್ದೇನು?

ಆ ವರ್ಷ ಬೆಂಗಳೂರಿನ ಪ್ರದರ್ಶನಕ್ಕೆ ಹೋದೆವು. ಪುಳಿಯೋಗರೆ ಕಟ್ಟಿಕೊಂಡು, ಕಾರನ್ನು ಹಳೇ ರೇಷ್ಮೆ ಪಂಚೆಯಲ್ಲಿ ಸುತ್ತಿಕೊಂಡು. ಕಾರಿನ ಮುಂದೆ ಇಟ್ಟ ಚೀಟಿಯಲ್ಲಿ ನಿಮ್ಮ ಹೆಸರು, ಕೆಳಗೆ 'ಪ್ರತಿಯೊಂದು ಭಾಗವೂ ಸ್ವಹಸ್ತದಿಂದ' ಅಂತ. ಅದನ್ನು ನಾನೂ ಓದಿದೆ. ಗಂಡ ಹೆಂಡತಿ ಅಂದಮೇಲೆ ಯಾರ ಹಸ್ತವಾದರೇನು ಅಂದುಕೊಂಡೆ. ಆಮೇಲೆ ಬಹುಮಾನ ಕೊಡುವವರು ಬಂದರು. ಅವರಲ್ಲಿ ನರೆಗೂದಲಿನ ಒಬ್ಬರು ಭೂತಗನ್ನಡಿ ಹಿಡಿದು ಬಗ್ಗಿ, ಉಳಿದದ್ದೆಲ್ಲ ಬಿಟ್ಟು ಚಕ್ರಗಳನ್ನೇ ನೋಡಿದರು. ಇದನ್ನು ಯಾರು ಹೆಣೆದದ್ದು ಅಂತ ಕೇಳಿದರು. ನಾನು ಊಟದ ಚೀಲ ಹಿಡಿದು ನಿಮ್ಮ ಪಕ್ಕದಲ್ಲೇ ನಿಂತಿದ್ದೆ.

"ಚಕ್ರಾನೂ ನಾನೇ ಸಾರ್. ಇವರದೇನಿದ್ದರೂ ಕಾಫಿ ಸರಬರಾಜು" ಅಂದಿರಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಲ್ಲು ಕಿಸಿದುಕೊಂಡು ನಿಂತಿದ್ದ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟು ಬರುತ್ತದೆ. ವಾಪಸ್ಸು ಬರುವಾಗ ನೀವು ದಾರಿಯುದ್ದಕ್ಕೂ ಬಹುಮಾನಕ್ಕೆ ಬಂದ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಿರಿ. ನನಗೆ ತಲೆನೋವು ಅಂದೆ. ಕಿಟಕಿ ಹಾಕಿಕೋ ಅಂದಿರಿ.

ಆಮೇಲೆ ಆಯುಧಪೂಜೆ ಬಂತು. ಲೇತು, ಅರ, ಇಕ್ಕಳ ಎಲ್ಲಕ್ಕೂ ಅರಿಶಿನ ಕುಂಕುಮವಿಟ್ಟು, ನಡುವೆ ಮಣೆಯ ಮೇಲೆ ಕಾರು ಇಟ್ಟಿರಿ. ಬ್ಯಾಂಕಿನವರನ್ನೆಲ್ಲ ಕರೆದಿದ್ದಿರಿ. ರಸ್ತೆಯ ಮೇಲಿನ ಕಾರಿಗೆ ಹೇಗೋ ಹಾಗೇ ಇದಕ್ಕೂ ಆಗಬೇಕು ಅಂತ, ಗೋಲಿಯಷ್ಟು ಸಣ್ಣ ನಿಂಬೆಕಾಯಿ ಹುಡುಕಿ ತಂದು ನಾಲ್ಕು ಚಕ್ರದ ಕೆಳಗೂ ಇಟ್ಟು, ಮೇಲಿನಿಂದ ಒತ್ತಿ ಚಿಟ್ಟೆನ್ನಿಸಿದಿರಿ. ಜನ ಚಪ್ಪಾಳೆ ತಟ್ಟಿದರು. ರಸ್ತೆಯ ಕಾರು ನಿಂಬೆಹಣ್ಣು ತುಳಿದು ಮುಂದಕ್ಕೆ ಹೋಗುತ್ತದೆ. ನಿಮ್ಮ ಕಾರು ಎಲ್ಲಿಗೆ ಹೋಗಬೇಕು? ಆ ರಸದಲ್ಲೇ ನಿಂತಿತು. ನಾನು ಮೆಲ್ಲಗೆ ಬಂದು, ಹುಳಿ ತಾಗಿದರೆ ತಂತಿ ತಿಂದುಹಾಕುತ್ತೆ, ತೆಗೆದು ಒರೆಸಿಡಲೇ ಅಂತ ಕೇಳಿದೆ. ನೀವು ಎಲ್ಲರಿಗೂ ಕೇಳುವ ಹಾಗೆ, "ಪೂಜೆಗಿಟ್ಟಿದ್ದನ್ನ ಕದಲಿಸಬಾರದು, ಅಷ್ಟೂ ಗೊತ್ತಿಲ್ವಾ ನಿನಗೆ? ಹೋಗು, ಪಾನಕ ತಾ" ಅಂದಿರಿ.

ಪಾನಕ ತಂದೆ. ಎಲ್ಲರೂ ಹೋದ ಮೇಲೆ ನಾನೇ ಹೋಗಿ ಒರೆಸಬಹುದಿತ್ತು. ಒರೆಸಲಿಲ್ಲ. ಮುಟ್ಟಬೇಡ ಅಂದದ್ದನ್ನು ಮುಟ್ಟಲಿಲ್ಲ, ಅಷ್ಟೆ. ವಿಜಯದಶಮಿಯೂ ಕಳೆದು, ಬನ್ನಿ ಹಂಚಿ, ಮಣೆ ಎತ್ತುವ ಹೊತ್ತಿಗೆ ಕಡ್ಡಿಗಳಿಗೆಲ್ಲ ಕೆಂಪು ಹತ್ತಿತ್ತು. ನೀವು ಬಟ್ಟೆಯಿಂದ ಉಜ್ಜಿದಿರಿ, ಒಂದೊಂದೇ ಪಟಪಟ ಕಿತ್ತುಬಂತು.

ಅಲ್ಲಿಗೆ ಮುಗಿದಿದ್ದರೂ ನಾನು ಇನ್ನೊಂದು ಸುರುಳಿ ತಂತಿ ತಂದು ಮತ್ತೆ ಹೆಣೆಯುತ್ತಿದ್ದೆ, ದೇವರಾಣೆ. ಆದರೆ ನೀವು ಅತ್ತೆಯವರ ಮುಂದೆ ಹೇಳಿದ ಮಾತು ಅಡುಗೆಮನೆಗೆ ಕೇಳಿಸಿತು. "ಕಪ್ಪು ಬಂದಾಗಿನಿಂದ ಅವಳಿಗೆ ಹೊಟ್ಟೆಕಿಚ್ಚು ಕಣಮ್ಮ. ಬೇಕೂಂತಲೇ ಹಾಳಾಗೋಕೆ ಬಿಟ್ಟಳು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಿಂಬೆ ಇಟ್ಟವರು ನೀವು, ಒರೆಸಬೇಡ ಅಂದವರು ನೀವು. ಅದೇ ಮಾತನ್ನು ಬ್ಯಾಂಕಿನಲ್ಲೂ ಹೇಳಿದಿರಿ, ಅಲ್ಲಿಂದ ಬೀದಿಗೂ ಬಂತು. ದೇವಸ್ಥಾನದಲ್ಲಿ ಹೆಂಗಸರು, ಗಂಡನ ಏಳಿಗೆ ಸಹಿಸದವಳು ಅಂತ ನನ್ನನ್ನು ಓರೆಗಣ್ಣಲ್ಲಿ ನೋಡಿದರು. ಹೊಟ್ಟೆಕಿಚ್ಚು ಪಡುವುದಕ್ಕೆ ಅದು ಬೇರೆಯವರ ಕೆಲಸವಾಗಿರಬೇಕಲ್ಲವೇ? ನನ್ನ ಕೆಲಸದ ಮೇಲೆ ನಾನೇ ಕಿಚ್ಚು ಪಡುತ್ತೇನೆಯೇ? ಇದನ್ನು ನಿಮ್ಮ ಎದುರಿಗೆ ನಿಂತು ಕೇಳಬೇಕಿತ್ತು. ಕೇಳುವ ಬದಲು ವೀಣೆ ಎತ್ತಿಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ. ನೀವು ತಡೆಯಲಿಲ್ಲ. ಬಾಗಿಲಲ್ಲಿ ನಿಂತು, ಬೆಸುಗೆಯ ಕಡ್ಡಿ ಎಲ್ಲಿಟ್ಟಿದ್ದೀಯ ಅಂತ ಕೇಳಿದಿರಿ.

ಈಗಲೂ ಅದೇ ಚಾಳಿ. ಹೆಣೆಯುವ ಅಚ್ಚು ಎಲ್ಲಿಟ್ಟಿದ್ದೀಯ, ಅದನ್ನಾದರೂ ಕೊಡು ಅಂತ ಬರೆದಿದ್ದೀರಿ. ನಾನು ಎದುರಿಗೇ ಕೂತು ಹೆಣೆಯುತ್ತಿದ್ದಾಗ ಒಂದು ಸಲವೂ ಬಗ್ಗಿ ನೋಡಲಿಲ್ಲ ನೀವು. ಅಚ್ಚು ನಾನು ತಂದಿಲ್ಲ. ನಿಮ್ಮ ಮನೆಯಲ್ಲೇ, ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಶಾವಿಗೆ ಒರಳಿನೊಳಗಿದೆ. ಆ ಒರಳಿನ ಹಿತ್ತಾಳೆ ಬಿಲ್ಲೆಯೇ ನನ್ನ ಅಚ್ಚು. ಅದರ ಸುತ್ತುಸುತ್ತಿನ ತೂತುಗಳಿಗೆ ಗುಂಡುಪಿನ್ನು ಸಿಕ್ಕಿಸಿ, ನಡುವೆ ಗುಂಬ ಕೂರಿಸಿ, ಪಿನ್ನಿನಿಂದ ಪಿನ್ನಿಗೆ ತಂತಿ ಎಳೆಯುತ್ತಿದ್ದೆ. ಬೆಸುಗೆ ಬಿಲ್ಲೆಗೆ ಅಂಟದಿರಲಿ ಅಂತ ಅತ್ತೆಯವರ ಎಲೆಅಡಿಕೆಯ ಸುಣ್ಣ ಬಳಿಯುತ್ತಿದ್ದೆ. ಅತ್ತೆಯವರು ಅದರಲ್ಲೇ ಶಾವಿಗೆ ಒತ್ತಿ ನಿಮಗೆ ಬಡಿಸುತ್ತಾರೆ, ನೀವು ಕಾಯಿಹಾಲು ಹಾಕಿಕೊಂಡು ಉಣ್ಣುತ್ತೀರಿ. ಇಷ್ಟು ದಿನ ನೀವು ಹುಡುಕಿದ್ದು ಅದನ್ನೇ. ಈಗ ಗೊತ್ತಾಯಿತಲ್ಲ, ನೀವೇ ಹೆಣೆದುಕೊಳ್ಳಿ.

ನಿಮ್ಮ ಕಾಗದದಲ್ಲಿ ನಾನು ಹುಡುಕಿದ್ದೇ ಬೇರೆ. ಅಂದು ಆ ಮಾತು ಆಡಬಾರದಿತ್ತು ಅಂತ ಎಲ್ಲಾದರೂ ಇದೆಯೇ ಅಂತ ಮಗುಚಿ ನೋಡಿದೆ. ಹೋಗಲಿ, ಈ ಸಲ ಚೀಟಿಯಲ್ಲಿ ಏನು ಬರೆಸುತ್ತೀರಿ ಅಂತಲಾದರೂ ಇದೆಯೇ ಅಂತ ನೋಡಿದೆ. ಒಂದಕ್ಷರವಿಲ್ಲ. ಇದ್ದಿದ್ದರೆ ನಾನು ಈ ಕಾಗದ ಬರೆಯುತ್ತಲೇ ಇರಲಿಲ್ಲ, ಷಡಕ್ಷರಿಯವರ ಜೊತೆ ಅದೇ ಬಸ್ಸಿನಲ್ಲಿ ಕೂತಿರುತ್ತಿದ್ದೆ. ಅಷ್ಟು ಹಗುರ ನಾನು. ನಾಚಿಕೆಯಾಗುತ್ತದೆ, ಆದರೂ ನಿಮಗೆ ಗೊತ್ತಿರಲಿ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮಂಡಿನೋವಿಗೆ ಎಣ್ಣೆ ಕಾಯಿಸಿ ಹಚ್ಚುವುದನ್ನು ಮರೆಯಬೇಡಿ.

ಇತಿ,
ಕಾಫಿ ಸರಬರಾಜಿನವಳು,
ಶ್ರೀಗೌರಿ

ಮರೆತಿದ್ದೆ: ಈಗ ಡಬ್ಬಿ ತೆಗೆಯಿರಿ. ಹತ್ತಿಯಲ್ಲಿ ಸುತ್ತಿದ ಮೂರು ಚಕ್ರಗಳಿವೆ. ಕೈಗೆ ಮರೆತುಹೋಗಿದೆ ಅಂದದ್ದು ಸುಳ್ಳು. ನಿಮ್ಮ ಕಾಗದ ಬಂದ ವಾರವೇ ಪಕ್ಕದ ಮನೆಯ ರೇವಮ್ಮನ ಶಾವಿಗೆ ಬಿಲ್ಲೆ ಕೇಳಿ ತಂದೆ, ಗುಂಬ ಬಳೆಗಳನ್ನು ಇಲ್ಲೇ ಲೇತಿನವರ ಹತ್ತಿರ ಕಡೆಸಿಕೊಂಡೆ. ತಡವಾದದ್ದು ಅದಕ್ಕೆ. ಎಣಿಕೆ ತಪ್ಪಿಲ್ಲ, ಮಾಡಿದ್ದು ನಾಲ್ಕು. ನಾಲ್ಕನೆಯದು ನನ್ನ ಕಿಟಕಿಯಲ್ಲಿದೆ. ಕಾರಿಗೆ ನಾಲ್ಕನೆಯದು ಬೇಕಾದರೆ ನೀವೇ ಹೆಣೆಯಬೇಕು. ಹೆಣೆಯಲಾಗದಿದ್ದರೆ ಗಾಜಿನ ಪೆಟ್ಟಿಗೆಯಲ್ಲಿ ಕಾರನ್ನು ಮೂರು ಚಕ್ರದ ಮೇಲೆ ಇಡಿ. ಇನ್ನೊಂದೆಲ್ಲಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗಲಾದರೂ ಬಾಯಿ ಬಿಡಿ. ನಿನ್ನೆ ರೇವಮ್ಮ ಬಿಲ್ಲೆ ವಾಪಸ್ಸು ತಗೊಳ್ಳೋಕೆ ಬಂದವಳು ಕಿಟಕಿ ನೋಡಿ, "ಇದ್ಯಾತರ ಚಕ್ರ ಕಣವ್ವ, ಗಾಡೀನೇ ಕಾಣಾಕಿಲ್ವಲ್ಲ?" ಅಂತ ಕೇಳಿದಳು. ಗಾಡಿ ಬೇರೆಯವರದು, ಚಕ್ರ ಮಾತ್ರ ನಂದು ಅಂದೆ.