ಮುಳ್ಳಿನ ಮೀಟರ್ ಬಿಚ್ಚಿದ ಮೇಲೆ

ಫೆಬ್ರುವರಿ 3, ಸೋಮವಾರ

ಇದು ತಪ್ಪು. ನಾಲ್ಕೂ ಸಿಲಿಂಡರುಗಳಿಂದ ಮುಳ್ಳಿನ ಮೀಟರ್ ಬಿಚ್ಚಿ ಗೋಣಿಚೀಲಕ್ಕೆ ಹಾಕಿದ್ದಾರೆ. ಪೈಪಿನ ತುದಿಯಲ್ಲಿದ್ದು, ನೀರೊಳಗೆ ಇಳಿದವರಿಗೆ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮೀಟರ್. ಬದಲಿಗೆ ಸಿಲಿಂಡರಿನ ಕುತ್ತಿಗೆಗೆ ಒಂದು ಕಪ್ಪು ಬಿರಡೆ. ಅದು ವೈರಿಲ್ಲದೆ ಮಣಿಕಟ್ಟಿನ ಕೈಮೀಟರಿಗೆ ಅಂಕಿ ಕಳಿಸುತ್ತದೆ. ನೆಹರು ಗಂಜ್ ಮಾರುಕಟ್ಟೆಯ ಬೇಳೆ ಸಾವುಕಾರರೊಬ್ಬರ ದಾನ. ಒಳ್ಳೆಯ ಮಾಲು, ಒಪ್ಪುತ್ತೇನೆ. ಆದರೆ ಹಳೆಯದನ್ನು ಬಿಚ್ಚಿದ್ದು ಯಾಕೆ?

ದೇವೀಂದ್ರಪ್ಪ ಸರ್‌ಗೆ ಕೇಳಿದೆ. ನಮ್ಮ ಜಲರಕ್ಷಣಾ ತಂಡ ಕಟ್ಟಿದವರು. ರಿಟೈರ್ಡ್ ಸುಬೇದಾರ್.

“ಆ ಪೈಪು ಬಾವ್ಯಾಗ ಜಾಲಿ ಟೊಂಗಿಗೆ ಸಿಗ್ತದವಾ. ಹೋದ ವರ್ಷ ಮಲ್ಲು ಸಿಕ್ಕೊಂಡಿದ್ದಿಲ್ಲೇನು?”

“ಎದಿಗೆ ಕ್ಲಿಪ್ ಹಾಕೋಣ್ರಿ ಸರ್. ಬ್ಯಾಟರಿ ಹೋದ್ರ ಏನು ನೋಡೂದು?”

“ಮೊಬೈಲ್ ಬಂದ ಮ್ಯಾಲ ಎಸ್‌ಟಿಡಿ ಬೂತ್ ಹೆಗಲ ಮ್ಯಾಲ ಹೊತ್ಕೊಂಡು ತಿರಗ್ತೀಯೇನು, ಕರಪತ್ರದಕ್ಕಾ?”

ಎಲ್ಲರೂ ನಕ್ಕರು. ನನ್ನ ಜೋಡಿ ಮುಳುಗುವ ತಾರಿಖ್ ಎಲ್ಲರಿಗಿಂತ ಜೋರಾಗಿ.

ಕರಪತ್ರದಕ್ಕ. ಆಗಲಿ. ಗಣಿ ಕಾರ್ಮಿಕರ ಸಂಘದ ಕರಪತ್ರದಲ್ಲೇ ಓದಿದ್ದು — ಜೀವ ಕಾಯುವ ಸಾಮಾನು ಎಂದೂ ಒಂಟಿಯಾಗಿರಬಾರದು. ಮಸಿ ಕೈಗೆ ಹತ್ತುವಂಥ ಅಗ್ಗದ ಕಾಗದ. ಅಷ್ಟಕ್ಕೆ ಮಾತು ಸುಳ್ಳಾಗುತ್ತದೆಯೇ?

ಫೆಬ್ರುವರಿ 6

ಈಜುಕೊಳದಲ್ಲಿ ಅಭ್ಯಾಸ. ಒಂದೊಂದು ಬಿರಡೆಗೆ ಒಂದೊಂದು ಕೈಮೀಟರ್ ಜೋಡಿ ಮಾಡಿಟ್ಟಿದ್ದಾರೆ. ಎಲ್ಲವೂ ಒಂದೇ ಥರ, ಕಪ್ಪು.

ನನಗೂ ಇಷ್ಟವಾಯಿತು… ಪೈಪು ತಡಕಾಡಬೇಕಿಲ್ಲ. ಕೈ ಎತ್ತಿದರೆ ದಪ್ಪ ಅಂಕಿ, ತುಂಬಿದ ಸಿಲಿಂಡರಿಗೆ ಇನ್ನೂರು. ತಾರಿಖ್‌ಗೆ ಮಾತ್ರ ಇದನ್ನು ಹೇಳುವುದಿಲ್ಲ.

ಫೆಬ್ರುವರಿ 9, ಭಾನುವಾರ, ಬೆಳಿಗ್ಗೆ 8

ಕಮಲಾಪುರ. ಬಂಡೆಮ್ಮನ ಬಾಳೆ ತೋಟ. ನೀರೆತ್ತುವ ಮೋಟರ್ ಹಗ್ಗ ಹರಿದು ಬಾವಿಯ ತಳ ಸೇರಿದೆ. ನಮಗೆ ಅಭ್ಯಾಸ, ಅವಳಿಗೆ ಮೋಟರ್. ಇಳಿಯುವವರು ನಾನು ಮತ್ತು ತಾರಿಖ್.

ಬಂಡೆಮ್ಮ ತಾಟು ಹಿಡಿದು ಅಡ್ಡ ನಿಂತಳು. ಅವಳ ಬಾವಿಗೆ ಇಳಿಯುವವರ ಬಲಗೈಗೆ ಅರಿಷಿಣದ ದಾರ ಕಟ್ಟದೆ ಬಿಡುವುದಿಲ್ಲ.

“ಗಡ್ಯಾರ ತಗೀರಿ. ದಾರ ಮೈಗೆ ಹತ್ತಬೇಕು.”

“ಅದು ಗಡ್ಯಾರ ಅಲ್ಲಬೇ ಆಯಿ. ಮತ್ತ ನಾ ಸಾಬರಾಂವ,” ತಾರಿಖ್ ಅಂದ.

“ನೀರಿಗೇನು ಗೊತ್ತೋ ನೀ ಯಾರಾಂವ ಅಂತ? ಕೈ ತಾ.”

ಕೊಟ್ಟ. ಮೇಲೆ ಬಂದ ಮೇಲೆ ಒಂದು ಗೊನೆ ಕೆಂಬಾಳೆ ಕೊಡುತ್ತಾಳಂತೆ. ಅರ್ಧ ಗೊನೆ ತನ್ನದೆಂದು ಈಗಲೇ ಘೋಷಿಸಿದ್ದಾನೆ. ಸರ್ ಕೂಗುತ್ತಿದ್ದಾರೆ—

ಫೆಬ್ರುವರಿ 10

ತಾರಿಖ್ ಐಸಿಯುನಲ್ಲಿ.

ಬರೆಯಲು ಆಗುತ್ತಿಲ್ಲ. ಕೈಯಲ್ಲಿ ದಾರ ಇನ್ನೂ ಹಾಗೇ ಇದೆ.

ಫೆಬ್ರುವರಿ 13, ಆಸ್ಪತ್ರೆ, ಮಧ್ಯಾಹ್ನ

ಬರೆಯಲೇಬೇಕು. ನಡೆದದ್ದು ನಡೆದ ಹಾಗೆ.

ತಳದಲ್ಲಿ ಕೆಸರು. ಟಾರ್ಚಿನ ಬೆಳಕು ಒಂದು ಮೊಳ ದಾಟುವುದಿಲ್ಲ. ಮೋಟರ್ ಅರ್ಧ ಹೂತಿತ್ತು. ತಾರಿಖ್ ಅಗೆದ, ಎಳೆದ, ಹಗ್ಗ ಸುತ್ತಿದ. ನಾನು ಟಾರ್ಚ್ ಹಿಡಿದು ಪಕ್ಕದಲ್ಲೇ. ಏನೂ ಕೆಲಸವಿಲ್ಲ. ಆದರೂ ನನ್ನ ಕೈಮೀಟರಿನಲ್ಲಿ ಗಾಳಿ ಇಳಿಯುತ್ತಲೇ ಇತ್ತು. ಇನ್ನೂರರಿಂದ ತೊಂಬತ್ತು. ಎಪ್ಪತ್ತು. ಐವತ್ತು. ಹೆದರಿ ಜಾಸ್ತಿ ಉಸಿರಾಡುತ್ತಿದ್ದೇನೆ ಅಂದುಕೊಂಡೆ. ನಾಚಿಕೆಯಾಯಿತು, ಅದೂ ನೀರಿನ ತಳದಲ್ಲಿ.

ಐವತ್ತಕ್ಕೆ ಮೇಲೆ ಬರಬೇಕು. ಸನ್ನೆ ಮಾಡಿದೆ. ಅವನು ತನ್ನ ಕೈಮೀಟರ್ ನೋಡಿಕೊಂಡ, ಸರಿಯಿದೆ ಎಂದು ಬೆರಳು ಸುತ್ತಿ ತೋರಿಸಿದ. ಇನ್ನೊಂದೇ ಗಂಟು. ತೋಳು ಹಿಡಿದು ಎಳೆದೆ. ಬಿಡಿಸಿಕೊಂಡ. ಅವನ ಬಳಿ ಗಾಳಿ ಸಾಕಷ್ಟಿದೆ, ನನ್ನದೇ ಮುಗಿಯುತ್ತಿದೆ — ಹಾಗಂದುಕೊಂಡು ಬಂದೆ. ನಿಧಾನಕ್ಕೆ, ಕಲಿಸಿದ ಹಾಗೆ.

ಮೆಟ್ಟಿಲು ಹಿಡಿದಿದ್ದೆ. ಹಿಂದೆ ನೀರು ಒಡೆಯಿತು. ತಾರಿಖ್ ಕೊಡ ಮೇಲೇಳುವ ಹಾಗೆ ಎದ್ದು ಬಂದ. ಬಾಯಿತುಂಬ ರಕ್ತ. ಬಂಡೆಮ್ಮ ತಾಟು ಕೈಬಿಟ್ಟಳು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಗಾಳಿ ಪೂರ್ತಿ ಖಾಲಿ. ಉಸಿರು ಬಿಗಿಹಿಡಿದು ಒಮ್ಮೆಲೇ ಮೇಲೆ ಬಂದಿದ್ದಕ್ಕೆ ಪುಪ್ಪುಸ ಹರಿದಿದೆ ಎಂದರು ಡಾಕ್ಟರ್. ಬದುಕುತ್ತಾನೆ. ಮುಂದೆ ಮುಳುಗುವುದು ಕೇಳಬೇಡಿ ಎಂದರು.

“ಮೀಟರ್ ನೋಡಿಲ್ಲಂವ. ಹುಡುಗಬುದ್ಧಿ,” ಎಂದರು ಸರ್. ತಾರಿಖ್‌ನ ತಾಯಿ ಮಸ್ತಾನಬಿ ಬೆಂಚಿನಿಂದ ಎದ್ದೇಬಿಟ್ಟರು.

“ನಕ್ಕೋ ಸಾಬ್, ಹಂಗ ಅನಬ್ಯಾಡ್ರಿ. ನನ್ನ ಮಗ ನೋಡ್ಯಾನಂತ. ಕಣ್ಣು ಬಿಟ್ಟ ಕೂಡ್ಲೇ ಅದೇ ಹೇಳ್ಯಾನ.”

ಒಳಗೆ ಬಿಟ್ಟರು. ಮೂಗಿಗೆ ನಳಿಗೆ, ಪಕ್ಕೆಗೆ ನಳಿಗೆ. ಕಿವಿ ಅವನ ಬಾಯಿಯ ಹತ್ತಿರ ಇಟ್ಟೆ.

“ನೂರಾ ಮೂವತ್ತಿತ್ತು… ನೀ ಹೋದ ಮ್ಯಾಲ ಬರೇ ಗೀಟು ಬಂತು. ಆಳದಾಗ ಸಿಗ್ನಲ್ ಸಿಗವಲ್ದು ಅಂದ್ಕೊಂಡೆ.” ಆಮೇಲೆ, “ಗೊನಿ ಎಲ್ಲಿ?”

ನಗಲು ಹೋಗಿ ನೋವಿಗೆ ಕಣ್ಣು ಮುಚ್ಚಿದ.

ನೂರಾ ಮೂವತ್ತು? ಖಾಲಿ ಸಿಲಿಂಡರಿನಲ್ಲಿ?

ಫೆಬ್ರುವರಿ 15, ಬೆಳಿಗ್ಗೆ, ತಂಡದ ಶೆಡ್

ತಂಡದ ಮಲ್ಲು ಪಕ್ಕದಲ್ಲೇ ಇದ್ದಾನೆ, ಅವನೂ ನೋಡಿದ. ಕನಸಲ್ಲ.

ನನ್ನ ಸಿಲಿಂಡರ್ ಬಿಚ್ಚಿಟ್ಟ ಹಾಗೇ ಇತ್ತು. ಅವತ್ತು ನನ್ನ ಕೈಯಿಂದ ತೆಗೆದ ಕೈಮೀಟರ್ ಹಾಕಿಕೊಂಡು ವಾಲ್ವ್ ತಿರುಗಿಸಿದೆ. ಗೀಟು. ಬರೀ ಗೀಟು. ಕೆಟ್ಟಿದೆ ಅಂದುಕೊಂಡೆ. ಮಲ್ಲು ಸುಮ್ಮನೆ ತಾರಿಖ್‌ನ ಸಿಲಿಂಡರ್ ತಿರುಗಿಸಿದ. ನನ್ನ ಮಣಿಕಟ್ಟಿನಲ್ಲಿ ಅಂಕಿ ಮೂಡಿತು. ನಾಲ್ಕು.

ತಾರಿಖ್ ಕೈಯಿಂದ ಬಿಚ್ಚಿದ್ದನ್ನು ನನ್ನ ಸಿಲಿಂಡರಿಗೆ ಹಿಡಿದೆವು. ನೂರಾ ಇಪ್ಪತ್ತು.

ತಾಟು. ಬಂಡೆಮ್ಮನ ತಾಟು. ದಾರ ಕಟ್ಟಿಸಿಕೊಳ್ಳಲು ಎರಡನ್ನೂ ಬಿಚ್ಚಿ ಕುಂಕುಮದ ಪಕ್ಕ ಇಟ್ಟಿದ್ದೆವು. ಎತ್ತಿಕೊಂಡಾಗ ಎರಡರಲ್ಲೂ ಇನ್ನೂರು ಇತ್ತು. ಅನುಮಾನ ಯಾಕೆ ಬರಬೇಕು?

ತಳದಲ್ಲಿ ಅವನು ನನ್ನ ಗಾಳಿ ನೋಡುತ್ತಿದ್ದ, ನಾನು ದೂರವಾದೊಡನೆ ಬರೀ ಗೀಟು. ನಾನು ಅವನದು. ಮುಗಿಯುತ್ತಿದ್ದುದು ಅವನ ಉಸಿರು, ಮೇಲೆ ಬಂದದ್ದು ನಾನು. ನನ್ನ ಬೆನ್ನ ಮೇಲೆ ಇಬ್ಬರಿಗೂ ಸಾಲುವಷ್ಟಿತ್ತು…

ಬ್ಯಾಟರಿ ಹೋದೀತು ಎಂದಿದ್ದೆ. ಹೋಗಲಿಲ್ಲ. ಎರಡೂ ಸರಿಯಾಗೇ ಕೆಲಸ ಮಾಡಿದವು. ಇಂಥದ್ದು ಯಾವ ಕರಪತ್ರದಲ್ಲೂ ಇರಲಿಲ್ಲ.

ಫೆಬ್ರುವರಿ 17

ಸರ್‌ಗೆ ಎಲ್ಲ ಹೇಳಿದೆ. ಮೀಸೆ ತೀಡಿದರು.

“ಹಂಗಾದ್ರ ಆ ಮುದುಕಿ ದಾರದಿಂದ ಆತು ಅನ್ನು. ಇನ್ನ ಮ್ಯಾಲ ದಾರ ಗೀರ ಬಂದ್.”

“ದಾರದ್ದಲ್ರಿ ತಪ್ಪು. ಪೈಪಿನ ಮೀಟರ್ ಇದ್ದಿದ್ರ ಅದನ್ನ ತಾಟಿನ್ಯಾಗ ಇಡ್ಲಾಕ ಬರ್ತಿದ್ದಿಲ್ಲ. ಅಂವನ ಸಿಲಿಂಡರಿಗೇ ಹತ್ತಿರ್ತಿತ್ತು. ಗೀಟು ಬಂದಾಗ ಅದನ್ನರೆ ನೋಡ್ತಿದ್ದ.”

“ಭಾನುವಾರ ಕೋಟೆ ಕಂದಕದಾಗ ಸಾವುಕಾರ್ರಿಗೆ ಡೆಮೊ ಅದ. ಅವರು ಕೊಟ್ಟಿದ್ದು ನಾಲಾಯಕ್ ಅಂತ ಹೇಳ್ಲೇನು?”

“ಲಾಯಕ್ ಅದ ಅಂತೇ ಹೇಳ್ರಿ. ಒಂದೇ ಸಾಲಂಗಿಲ್ಲ ಅಂತನೂ ಹೇಳ್ರಿ. ಇಲ್ಲಂದ್ರ ನಾ ಇಳಿಯಂಗಿಲ್ಲ.”

“ನಾನೂ,” ಅಂದ ಮಲ್ಲು, ನೆಲ ನೋಡುತ್ತ.

ಸರ್ ಜೀಪಿನ ಬಾಗಿಲು ಬಡಿದು ಹೋದರು.

ಫೆಬ್ರುವರಿ 20, ಗುರುವಾರ, ಸಂಜೆ

ಶೆಡ್ಡಿನ ಬಾಗಿಲು ತೆರೆದಿತ್ತು. ಸರ್ ನೆಲದ ಮೇಲೆ ಕೂತಿದ್ದರು. ಮುಂದೆ ಗೋಣಿಚೀಲ, ಕೈಯಲ್ಲಿ ಪಾನಾ. ಎರಡು ಸಿಲಿಂಡರಿಗೆ ಮುಳ್ಳಿನ ಮೀಟರ್ ಬಿಗಿದಾಗಿತ್ತು.

“ಆಸ್ಪತ್ರಿಗೆ ಹೋಗಿದ್ದೆ. ಹುಡುಗಬುದ್ಧಿ ಅಂದಿದ್ದು ಮಸ್ತಾನಬಿ ಮರ್ತಿಲ್ಲ. ಚಾ ಕೊಟ್ಲು, ಮಾತಾಡಿಲ್ಲ.”

ಮೂರನೆಯ ಸಿಲಿಂಡರ್ ಹಿಡಿದುಕೊಂಡೆ. ಬಿಗಿದರು.

“ಡೆಮೊ ಕೋಟ್ಯಾಗ ಬ್ಯಾಡ,” ಎಂದರು ತಲೆ ಎತ್ತದೆ. “ಸಾವುಕಾರ್ರನ್ನ ಬಾವಿಗೇ ಕರದೀನಿ. ಕೈಮೀಟರ್ ಅದಲಬದಲ್ ಮಾಡಿ ಅವರ ಕಣ್ಣ ಮುಂದ ತೋರ್ಸು. ಆಮ್ಯಾಲ ಮುಳ್ಳು ನೋಡ್ಕೊಂಡು ಇಳೀರಿ. ತಾರಿಖ್ ಕಟ್ಟಿದ ಗಂಟು ಬಿಚ್ಚಿಲ್ಲಂತ. ಹಗ್ಗ ಎಳದ್ರ ಮೋಟರ್ ಬರ್ತದ.”

ಬಂಡೆಮ್ಮನಿಗೆ ಫೋನ್ ಮಾಡಿದೆ. ದಾರ ಕಟ್ಟಲೋ ಬೇಡವೋ ಎಂದು ಅಳುತ್ತ ಕೇಳಿದಳು. ಕಟ್ಟು ಅಂದೆ. ಎಡಗೈಗೆ ಬೇಕಾದರೂ, ಬಲಗೈಗೆ ಬೇಕಾದರೂ.

ಭಾನುವಾರ, ಬೆಳಿಗ್ಗೆ ಏಳಕ್ಕೆ, ಬಂಡೆಮ್ಮನ ಬಾವಿ.